ಮೂರು ಸಲ ವಾಪಸ್ ಹೋದ ಕಾರು

ನಮ್ಮ ಕಾರಿಗೆ ಹದಿನಾಲ್ಕು ವರ್ಷ. ಅದರಲ್ಲಿ ಹತ್ತು ವರ್ಷ ಬೇರೆಯವರ ಮನೆಯಲ್ಲಿತ್ತು, ನಾಲ್ಕು ವರ್ಷದಿಂದ ನಮ್ಮಲ್ಲಿದೆ. ಆ ಕಾಲಕ್ಕೆ ದುಬಾರಿ ಗಾಡಿಯಾದ್ದರಿಂದ ಎಸಿಗೆ ‘ಆಟೋ’ ಎಂಬ ಗುಂಡಿಯಿದೆ. ಇಪ್ಪತ್ತೆರಡು ಡಿಗ್ರಿ ಎಂದು ಇಟ್ಟುಬಿಟ್ಟರೆ ತಣ್ಣಗಿನ ಗಾಳಿ ಎಷ್ಟು, ಬೆಚ್ಚಗಿನದು ಎಷ್ಟು, ಕಾಲಿಗೆಷ್ಟು, ಮುಖಕ್ಕೆಷ್ಟು ಎಂದು ಅದೇ ತೀರ್ಮಾನಿಸುತ್ತದೆ. ನಮ್ಮ ಕಡೆ ಎಸಿ ಯಾಕೆ ಎಂದು ಕೇಳುವವರು ಜೂನ್ ತಿಂಗಳಲ್ಲಿ ರಿಪ್ಪನ್‌ಪೇಟೆ ರಸ್ತೆಯಲ್ಲಿ ಒಮ್ಮೆ ಗಾಡಿ ಓಡಿಸಿ ನೋಡಬೇಕು. ಸೆಕೆಗಲ್ಲ, ಗಾಜಿಗೆ. ಮಳೆ ಹಿಡಿದಾಗ ಮುಂದಿನ ಗಾಜಿನ ಒಳಗಡೆ ಕಟ್ಟುವ ಮಂಜು ಎಸಿ ಇಲ್ಲದೆ ಬಿಡುವುದಿಲ್ಲ. ಬಟ್ಟೆಯಲ್ಲಿ ಒರೆಸಿದರೆ ಅರ್ಧ ನಿಮಿಷ. ಆಮೇಲೆ ಮತ್ತೆ ಬಿಳಿ.

ನಾನು ಕಾಮರ್ಸ್ ಪಾಠ ಮಾಡುವ ಅತಿಥಿ ಉಪನ್ಯಾಸಕಿ. ಸೋಮವಾರ, ಬುಧವಾರ, ಶುಕ್ರವಾರ ಹೊಸನಗರ; ಮಂಗಳವಾರ, ಗುರುವಾರ ತೀರ್ಥಹಳ್ಳಿ. ಮನೆ ಆನಂದಪುರದಿಂದ ಒಳಗೆ. ದಿನಾ ಓಡಿಸುವವಳು ನಾನಾದ್ದರಿಂದ ಗಾಡಿಯ ಲೆಕ್ಕವೂ ನನ್ನದೇ. ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಒಂದು ಇನ್ನೂರು ಪುಟದ ಪುಸ್ತಕವಿದೆ. ತಾರೀಕು, ಎಷ್ಟು ಕಿಲೋಮೀಟರ್, ಮಳೆ ಇತ್ತೋ ಇಲ್ಲವೋ, ಏನು ಸದ್ದು ಬಂತು, ಯಾವಾಗ ಗಾಳಿ ತುಂಬಿಸಿದ್ದು, ಯಾವಾಗ ತೊಳೆದದ್ದು, ಎಲ್ಲವನ್ನೂ ಬರೆಯುತ್ತೇನೆ. ತೊಳೆದ ದಿನಕ್ಕೆ ‘ತೊ’ ಎಂದು ಒಂದು ಅಕ್ಷರ. ಇದನ್ನು ನೋಡಿ ನಗುವವರು ಬಹಳ ಜನ. ನನಗೆ ಬರೆಯದಿದ್ದರೆ ಏನೋ ಬಿಟ್ಟುಹೋದ ಹಾಗೆ.

ಜೂನ್ ಎಂಟು, ಶನಿವಾರ. ಎಡಗಡೆ ಸೀಟಿಗೆ ತಣ್ಣಗಿನ ಗಾಳಿ, ನನ್ನ ಕಡೆಗೆ ಬಿಸಿ. ಡ್ಯಾಶ್‌ಬೋರ್ಡಿನ ಒಳಗಿನಿಂದ ಟಕ್ ಟಕ್ ಎಂಬ ಸದ್ದು. ಒಂದು ನಿಮಿಷದಲ್ಲಿ ನಲವತ್ತೆರಡು ಸಲ ಎಂದು ಎಣಿಸಿ ಬರೆದುಕೊಂಡು ಸಾಗರದ ಗ್ಯಾರೇಜಿಗೆ ಹೋದೆ. ಅಲ್ಲಿ ಎಂಟು ತಿಂಗಳ ಹಿಂದೆ ಎಸಿ ಕೆಲಸಕ್ಕೆಂದೇ ಒಬ್ಬರು ಬಂದಿದ್ದರು. ಐವತ್ತರ ಆಸುಪಾಸು. ಮೊದಲು ಸ್ವಂತ ಫ್ರಿಜ್ ರಿಪೇರಿ ಅಂಗಡಿ ಇಟ್ಟಿದ್ದವರು, ಅದು ನಡೆಯದೆ ಮುಚ್ಚಿ ಇಲ್ಲಿಗೆ ಸೇರಿದ್ದರು. ನಾನು ಪುಸ್ತಕ ತೆಗೆದು ನಲವತ್ತೆರಡು ಎಂದಾಗ ಅವರು ತಲೆಯೆತ್ತಿ ನೋಡಿದರು.

“ಟೀಚರಾ ನೀವು?”

“ಹೌದು. ಹೇಗೆ ಗೊತ್ತಾಯ್ತು?”

“ಗಾಡಿಗೂ ಹಾಜರಿ ಹಾಕ್ತೀರಲ್ಲ.”

ಅವತ್ತಿನಿಂದ ನಾನು ಅವರಿಗೆ ‘ಟೀಚರೇ’. ಅವರು ನನಗೆ ‘ಅಣ್ಣ’. ಎಡಗಡೆಯ ಪೆಟ್ಟಿಗೆ ಬಿಚ್ಚಿ, ಅಂಗೈಯಗಲದ ಒಂದು ಮೋಟಾರ್ ಹೊರತೆಗೆದು ತೋರಿಸಿದರು. ಬಿಸಿಗಾಳಿ ತಣ್ಣಗಾಳಿ ಬೆರೆಸುವ ಬಾಗಿಲನ್ನು ತಿರುಗಿಸುವ ಮೋಟಾರಂತೆ. ಒಳಗಿನ ಪ್ಲಾಸ್ಟಿಕ್ ಹಲ್ಲು ಎರಡು ಮುರಿದಿತ್ತು. ಬಾಗಿಲು ಅರ್ಧಕ್ಕೆ ನಿಂತು ಮೋಟಾರು ಸುಮ್ಮನೆ ಜಾರುತ್ತಿತ್ತು. ಗಾಳಿಯ ಫಿಲ್ಟರ್ ಎಳೆದಾಗ ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಇಲಿ ಗೂಡು. ಅಡಿಕೆ ಸಿಪ್ಪೆಯ ನಾರನ್ನು ನುಣ್ಣಗೆ ಬಿಡಿಸಿ ಮೆತ್ತೆ ಮಾಡಿಟ್ಟಿತ್ತು. ನಾಲ್ಕು ವರ್ಷದಿಂದ ನಾನು ಉಸಿರಾಡಿದ್ದು ಇದರ ಮೂಲಕವೇ.

“ಇದನ್ನೂ ಬರ್ಕೊಳ್ಳಿ,” ಎಂದರು.

ಮೋಟಾರ್ ಬದಲಾಯಿತು, ಫಿಲ್ಟರ್ ಬದಲಾಯಿತು. ಹೊರಡುವಾಗ ಬಾನೆಟ್ ಎತ್ತಿ, ಮುಂದುಗಡೆ ನಿಂತಿರುವ ಅಲ್ಯೂಮಿನಿಯಂ ಜಾಲರಿಯನ್ನು ಬೆರಳಿನಿಂದ ಸವರಿದರು. ಅದು ಕಂಡೆನ್ಸರ್, ಎಸಿಯ ಶಾಖವೆಲ್ಲ ಹೊರಗೆ ಹೋಗುವುದು ಅದರ ಮೂಲಕ. ಕೆಸರು ಮೆತ್ತಿಕೊಂಡಿತ್ತು.

“ಇದನ್ನ ವಾರಕ್ಕೊಂದ್ಸಲ ನೀರು ಹೊಡೆದು ತೊಳೀರಿ. ಇದು ಉಸಿರು ಕಟ್ಟಿದ್ರೆ ಒಳಗಡೆ ಏನ್ ಮಾಡಿದ್ರೂ ಅಷ್ಟೇ.”

ಬರೆದುಕೊಂಡೆ. ಹೋದ ವರ್ಷದ ಮಳೆಗಾಲದಿಂದ ಮನೆಯಲ್ಲೇ ಗಾಡಿ ತೊಳೆಯುತ್ತಿದ್ದೆ. ಇನ್ನು ಮೇಲೆ ಜಾಲರಿಗೂ ಬಿಡದೆ ಹೊಡೆಯಬೇಕು ಎಂದು ಅಡಿಗೆರೆ ಎಳೆದೆ.

ಜೂನ್ ಇಪ್ಪತ್ತೆರಡಕ್ಕೆ ಮತ್ತೆ ಹೋದೆ. ಈ ಸಲ ಎರಡೂ ಕಡೆ ಬೆಚ್ಚಗೆ. ಅಣ್ಣ ಕೆಂಪು ಒಂದು ನೀಲಿ ಒಂದು ಗೇಜಿನ ಪೈಪ್ ಸಿಕ್ಕಿಸಿ ನೋಡಿ, ಗ್ಯಾಸ್ ಅರ್ಧಕ್ಕಿಂತ ಕಡಿಮೆ ಇದೆ ಎಂದರು. ಪೂರ್ತಿ ತೆಗೆದು, ಅರ್ಧ ಗಂಟೆ ವ್ಯಾಕ್ಯೂಮ್ ಹಾಕಿಟ್ಟರು. ಮುಳ್ಳು ಅಲ್ಲಾಡಲಿಲ್ಲ, ಅಂದರೆ ಸೋರಿಕೆ ಕಾಣಲಿಲ್ಲ. ಆದರೂ ನಂಬದೆ, ಸೋರಿದರೆ ಗೊತ್ತಾಗಲಿ ಎಂದು ಗ್ಯಾಸಿನ ಜೊತೆ ಒಂದು ಹಸಿರು ಬಣ್ಣ ಸೇರಿಸಿ ತುಂಬಿದರು. ನೀಲಿ ಬೆಳಕಿನ ಟಾರ್ಚ್ ಬಿಟ್ಟರೆ ಆ ಬಣ್ಣ ಹೊಳೆಯುತ್ತದೆಯಂತೆ. ಹದಿನಾಲ್ಕೇ ದಿನಕ್ಕೆ, ಜುಲೈ ಆರರಂದು, ಮತ್ತೆ ಗ್ಯಾಸ್ ಖಾಲಿ. ಟಾರ್ಚ್ ಬಿಟ್ಟಾಗ ಕಂಡೆನ್ಸರಿನ ಕೆಳಮೂಲೆಯಲ್ಲಿ ಸೂಜಿಮೊನೆಯಷ್ಟು ಜಾಗ ಮಿಂಚಿತು.

“ಹದಿನಾಲ್ಕು ವರ್ಷದ್ದು, ತೂತು ಬಿದ್ದಿದೆ. ತೂತು ಮುಚ್ಚಿದ್ರೆ ಪಕ್ಕದಲ್ಲಿ ಇನ್ನೊಂದು ಬೀಳುತ್ತೆ. ಹೊಸದೇ ಹಾಕೋಣ,” ಎಂದರು.

ಗ್ಯಾರೇಜಿನ ಯಜಮಾನರು ಆಗ ಅಲ್ಲೇ ನಿಂತಿದ್ದರು. ಕೆಟ್ಟವರಲ್ಲ, ಆದರೆ ಮಾತು ಜೋರು. ಎಸಿ ವಿಭಾಗ ಶುರು ಮಾಡಿದ್ದು ಅವರ ಪಾಲಿಗೆ ಒಂದು ಪ್ರಯೋಗ. ದೀಪಾವಳಿವರೆಗೆ ನೋಡುತ್ತೇನೆ ಎಂದು ಎಲ್ಲರ ಹತ್ತಿರ ಹೇಳಿಕೊಂಡಿದ್ದರು. ಅದಾಗಲೇ ಬೇರೆ ಎರಡು ಗಾಡಿಗಳು ಎಸಿ ರಿಪೇರಿಯಾದ ಮೇಲೆ ವಾಪಸ್ ಬಂದಿದ್ದವು. ನಮ್ಮದು ಈಗ ಎರಡನೇ ಸಲ ವಾಪಸ್ ಬಂದದ್ದು. ನಾಲ್ಕು ಜನರ ಮುಂದೆಯೇ ಹೇಳಿದರು:

“ನೋಡು ಮಾರಾಯ, ಹೊಸ ಕಂಡೆನ್ಸರ್ ಹಾಕು. ಈ ಗಾಡಿ ಇನ್ನೊಂದ್ಸಲ ಇದೇ ಕಂಪ್ಲೇಂಟಲ್ಲಿ ಬಂತೂ ಅಂದ್ರೆ ನಾನು ಎಸಿ ಬಾಗಿಲು ಹಾಕ್ತೀನಿ. ನೀನು ಬೇರೆ ಕಡೆ ನೋಡ್ಕೋಬೇಕಾಗುತ್ತೆ.”

ಅಣ್ಣ ಹೊಸ ಕಂಡೆನ್ಸರನ್ನು ರಟ್ಟಿನ ಪೆಟ್ಟಿಗೆಯಿಂದ ತೆಗೆದು ಎರಡೂ ಕಡೆ ತಿರುಗಿಸಿ ನೋಡಿದರು. ಹಳೆಯದನ್ನು ನಮ್ಮ ಡಿಕ್ಕಿಗೆ ಹಾಕಿದರು. ಬದಲಿಸಿದ್ದೇವೆ ಎಂಬುದಕ್ಕೆ ಸಾಕ್ಷಿಯಾಗಿ ಹಳೇ ಸಾಮಾನು ವಾಪಸ್ ಕೊಡುವುದು ಅಲ್ಲಿನ ಪದ್ಧತಿ. ಹೊರಡುವಾಗ ಕಿಟಕಿಯ ಹತ್ತಿರ ಬಂದು ಮೆಲ್ಲಗೆ ಹೇಳಿದರು.

“ಟೀಚರೇ, ಮಗಳನ್ನ ಈಗಷ್ಟೇ ಇಲ್ಲಿ ಹೈಸ್ಕೂಲಿಗೆ ಸೇರಿಸಿದೀನಿ. ಈ ಗಾಡೀನ ಚೆನ್ನಾಗಿ ನೋಡ್ಕೊಳ್ಳಿ. ಮುಂದಿನ ಜಾಲರಿ ತೊಳೀತಾ ಇರಿ.”

ತೊಳೆದೆ. ಒಂದು ಭಾನುವಾರವೂ ಬಿಡಲಿಲ್ಲ. ಜುಲೈನಲ್ಲಿ ನಾಲ್ಕು ‘ತೊ’, ಆಗಸ್ಟಿನಲ್ಲಿ ಇಪ್ಪತ್ತೈದರವರೆಗೆ ನಾಲ್ಕು ‘ತೊ’. ಗಾಡಿಯ ಮೈಗಿಂತ ಹೆಚ್ಚು ಹೊತ್ತು ಜಾಲರಿಗೇ ನೀರು ಹೊಡೆದೆ.

ಆಗಸ್ಟ್ ಇಪ್ಪತ್ತೊಂಬತ್ತು, ಗುರುವಾರ, ತೀರ್ಥಹಳ್ಳಿಯಿಂದ ವಾಪಸ್ ಬರುತ್ತಿದ್ದೆ. ಸಂಜೆ ನಾಲ್ಕು ಇಪ್ಪತ್ತು. ನಾಲ್ಕು ದಿನ ಬಿಟ್ಟಿದ್ದ ಮಳೆ ಕೋಣಂದೂರು ದಾಟುತ್ತಲೇ ಒಮ್ಮೆಲೇ ಹೊಯ್ಯಿತು. ‘ಆಟೋ’ದಲ್ಲೇ ಇತ್ತು, ಇಪ್ಪತ್ತೆರಡೇ ತೋರಿಸುತ್ತಿತ್ತು. ಆದರೆ ಗಾಜು ಕೆಳಗಿನಿಂದ ಮೇಲಕ್ಕೆ ಬೆಳ್ಳಗಾಗುತ್ತಾ ಬಂತು. ಗುಂಡಿ ಒತ್ತಿದೆ, ಫ್ಯಾನ್ ಜೋರು ಮಾಡಿದೆ; ಬೆಚ್ಚಗಿನ ತೇವದ ಗಾಳಿ ಬಂದು ಗಾಜು ಪೂರ್ತಿ ಮುಚ್ಚಿಹೋಯಿತು. ಬ್ರೇಕ್ ತುಳಿದು, ಕಿಟಕಿಯಿಂದ ತಲೆ ಹೊರಗೆ ಹಾಕಿದೆ. ಬಂಪರಿನಿಂದ ಒಂದು ಮಾರು ದೂರದಲ್ಲಿ ಒಬ್ಬ ಹೆಂಗಸು ಎರಡು ದನಗಳ ಹಗ್ಗ ಹಿಡಿದು ರಸ್ತೆ ದಾಟುತ್ತಿದ್ದಳು. ತಲೆ ಮುಚ್ಚುವ ಕಂಬಳಿಕೊಪ್ಪೆ ಹಾಕಿಕೊಂಡಿದ್ದರಿಂದ ಅವಳು ನನ್ನನ್ನು ನೋಡಿರಲೇ ಇಲ್ಲ. ದನವೊಂದು ಮಾತ್ರ ನಿಂತು ನನ್ನನ್ನೇ ನೋಡಿತು. ಅವರು ದಾಟಿ ಹೋದ ಮೇಲೂ ನನಗೆ ಕ್ಲಚ್ಚಿನಿಂದ ಕಾಲು ತೆಗೆಯಲಾಗಲಿಲ್ಲ. ಹನ್ನೊಂದು ನಿಮಿಷ ಅಲ್ಲೇ ನಿಂತಿದ್ದೆ ಎಂದು ಪುಸ್ತಕದಲ್ಲಿದೆ. ಅಕ್ಷರ ನನ್ನದೆಂದು ಗುರುತು ಸಿಗುವುದಿಲ್ಲ.

ಮನೆಗೆ ಬಂದು ಹೇಳಿದಾಗ ಅಪ್ಪಯ್ಯ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟ.

“ಎಂತ ಆತು ಹೇಳು ಸರಿಯಾಗಿ.”

ಎರಡನೇ ಸಲ ಹೇಳಿದೆ. ಅಪ್ಪಯ್ಯ ಸಿಟ್ಟುಗಾರನಲ್ಲ. ಆದರೆ ಶನಿವಾರ ನನ್ನ ಜೊತೆ ತಾನೂ ಗ್ಯಾರೇಜಿಗೆ ಹೊರಟ. ನಾನು ಹಿಂದಿನ ಸಂಜೆಯೇ ಕೂತು ಪುಸ್ತಕದಿಂದ ಎಲ್ಲವನ್ನೂ ಒಂದು ಹಾಳೆಗೆ ಇಳಿಸಿದ್ದೆ. ಯಾವ ತಾರೀಕು ಏನು ಮಾಡಿದರು, ಎಷ್ಟು ದಿನ ಬಾಳಿಕೆ ಬಂತು, ಮತ್ತೆ ಯಾವಾಗ ಕೈಕೊಟ್ಟಿತು. ಮೋಟಾರು, ಗ್ಯಾಸು, ಕಂಡೆನ್ಸರು, ಎಲ್ಲ ಒಂದರ ಕೆಳಗೊಂದು. ತೊಳೆದದ್ದನ್ನು ಮಾತ್ರ ಇಳಿಸಲಿಲ್ಲ, ಅದು ರಿಪೇರಿಯಲ್ಲವಲ್ಲ. ಅಚ್ಚುಕಟ್ಟಾದ ಹಾಳೆ. ಅದನ್ನು ನಾನೇ ನನ್ನ ಕೈಯಾರೆ ಯಜಮಾನರಿಗೆ ಕೊಟ್ಟೆ.

ಅಣ್ಣ ಗೇಜು ಹಾಕಿದರು. ಎರಡೂ ಮುಳ್ಳು ಸೊನ್ನೆ. ಹಳದಿ ಕನ್ನಡಕ ಹಾಕಿಕೊಂಡು ಟಾರ್ಚ್ ಬಿಟ್ಟರು. ಹೊಸ ಕಂಡೆನ್ಸರಿನಲ್ಲಿ, ಹಳೆಯದರಲ್ಲಿ ಇದ್ದ ಮೂಲೆಯಲ್ಲೇ, ಮತ್ತೆ ಮಿಂಚಿತು. ಒಂದಲ್ಲ, ಮೂರು ಕಡೆ. ಅವರು ಬಹಳ ಹೊತ್ತು ಅಲ್ಲೇ ಕುಕ್ಕರಗಾಲಿನಲ್ಲಿ ಕೂತಿದ್ದರು. ಆಮೇಲೆ ಉಗುರಿನಿಂದ ಅಲ್ಲಿದ್ದ ಪುಡಿಯನ್ನು ಕೆರೆದು ಅಂಗೈ ಮೇಲೆ ಹಾಕಿಕೊಂಡರು.

“ಇದು ನಾನು ಹಾಕಿದ ಬಣ್ಣ ಅಲ್ಲ. ನೋಡಿ, ಟಾರ್ಚಿಗೆ ಹೊಳೀತಿಲ್ಲ. ನೀಲಿ ಥರ ಇದೆ. ಟೀಚರೇ, ಗಾಡಿ ಸಮುದ್ರದ ಕಡೆ ಹೋಗಿತ್ತಾ? ಭಟ್ಕಳ, ಕುಂದಾಪುರ? ಉಪ್ಪುಗಾಳಿಗೆ ನಿಲ್ಲಿಸಿಟ್ರೆ ಅಲ್ಯೂಮಿನಿಯಂ ಹಿಂಗೆ ತಿಂದ್ಹೋಗುತ್ತೆ.”

“ಇಲ್ಲ,” ಎಂದೆ. ಪುಸ್ತಕ ತೆರೆದು ತೋರಿಸಿದೆ. “ಜುಲೈ ಆರರಿಂದ ಇವತ್ತಿನವರೆಗೆ ಒಂದು ದಿನವೂ ಘಟ್ಟ ಇಳಿದಿಲ್ಲ. ಹೊಸನಗರ, ತೀರ್ಥಹಳ್ಳಿ, ಸಾಗರ. ಅಷ್ಟೇ.”

“ಏನಾದ್ರೂ ಚೆಲ್ಲಿತ್ತಾ? ಬ್ಯಾಟರಿ ಆಸಿಡ್ ಏನಾದ್ರೂ?”

“ಇಲ್ಲ.”

ಅಪ್ಪಯ್ಯ ಅಲ್ಲಿಯವರೆಗೆ ಸುಮ್ಮನಿದ್ದವನು ಬಾಯಿಬಿಟ್ಟ. “ನನ್ನ ಮಗಳು ಗುರುವಾರ ಒಂದು ಜೀವಕ್ಕೆ ಗುದ್ದೋದಿತ್ತು. ಎಂಟು ವಾರಕ್ಕೆ ಹೊಸ ಸಾಮಾನು ತೂತು ಬೀಳುತ್ತೆ ಅಂದ್ರೆ ಅದು ಹೊಸದೇ ಅಲ್ಲ. ಅಥವಾ ಹಾಕಿದವರಿಗೆ ಕೆಲಸ ಬರಲ್ಲ. ಎರಡರಲ್ಲೊಂದು.”

ಯಜಮಾನರು ನನ್ನ ಹಾಳೆಯನ್ನು ಅಣ್ಣನ ಮುಂದೆ ಹಿಡಿದರು.

“ಓದು. ಅವ್ರು ತಾರೀಕು ಸಮೇತ ಬರೆದಿದಾರೆ. ಮೂರು ಸಲ ವಾಪಸ್. ನಾನು ಮುಂಚೇನೇ ಹೇಳಿದ್ದೆ ಹೌದೋ ಅಲ್ವೋ?”

“ಹೇಳಿದ್ರಿ.”

“ಮತ್ತೆ?”

ಅಣ್ಣ ಹಾಳೆಯನ್ನು ಓದಿದರು. ಪೂರ್ತಿ, ಕೊನೆಯ ಸಾಲಿನವರೆಗೆ. ಮಡಿಸಿ ವಾಪಸ್ ಕೊಟ್ಟು, ನನ್ನ ಕಡೆ ತಿರುಗಿ, “ಟೀಚರೇ, ಅಕ್ಷರ ಚೆನ್ನಾಗಿದೆ,” ಎಂದರು. ಕುಹಕವಿರಲಿಲ್ಲ. ಗೇಜಿನ ಪೈಪುಗಳನ್ನು ಸುತ್ತಿ ತಮ್ಮ ಚೀಲಕ್ಕೆ ಹಾಕಿಕೊಂಡರು. ಗೇಜು ಅವರ ಸ್ವಂತದ್ದು. ಟಾರ್ಚನ್ನು ಒರೆಸಿ ಗ್ಯಾರೇಜಿನ ಮೇಜಿನ ಮೇಲಿಟ್ಟರು, ಅದು ಗ್ಯಾರೇಜಿನದು. ಮಳೆಯಲ್ಲೇ ಹೊರಟರು. ಸರಿಯಾದದ್ದೇ ನಡೆಯಿತು ಎಂದು ನನಗೆ ಅನ್ನಿಸಿತ್ತು. ಆ ಶನಿವಾರ ನನಗೆ ನಿಜವಾಗಿಯೂ ಹಾಗೆ ಅನ್ನಿಸಿತ್ತು, ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಮಾರನೇ ದಿನ ಭಾನುವಾರ, ಸೆಪ್ಟೆಂಬರ್ ಒಂದು. ತೊಳೆಯುವ ದಿನ.

ನಮ್ಮಲ್ಲಿ ಗಾಡಿ ತೊಳೆಯುವುದು ಔಷಧಿ ಹೊಡೆಯುವ ಪಂಪಿನಲ್ಲಿ. ಅಡಿಕೆಗೆ ಕೊಳೆರೋಗ ಬರದ ಹಾಗೆ ಮಳೆಗಾಲದಲ್ಲಿ ಎರಡು ಮೂರು ಸಲ ತಾಮ್ರದ ಉಪ್ಪಾದ ಮೈಲುತುತ್ತ ಮತ್ತು ಸುಣ್ಣದ ದ್ರಾವಣವನ್ನು ಅಡಿಕೆ ಗೊನೆಗಳಿಗೆ ಹೊಡೆಯುತ್ತಾರಲ್ಲ, ಆ ಪಂಪು. ಮರದ ತುದಿಗೆ ಮುಟ್ಟುವಷ್ಟು ಒತ್ತಡ ಇರುವುದರಿಂದ ಚಕ್ರದ ಸಂದಿನ ಕೆಸರನ್ನು ಅದರಷ್ಟು ಚೆನ್ನಾಗಿ ಯಾವುದೂ ಕೀಳುವುದಿಲ್ಲ. ಪಂಪಿನ ಪಕ್ಕದಲ್ಲೇ ಮಾಡಿನ ಶೀಟಿನ ಅಂಚಿಗೆ ಒಂದು ನೀಲಿ ಪ್ಲಾಸ್ಟಿಕ್ ಡ್ರಮ್ಮು ನಿಂತಿರುತ್ತದೆ. ಮೇಲಿಂದ ಸುರಿಯುವ ಮಳೆ ನೀರು ಅದಕ್ಕೆ ತುಂಬುತ್ತದೆ. ಪಂಪಿನ ಎಳೆಯುವ ಪೈಪನ್ನು ಅದರೊಳಗೆ ಬಿಟ್ಟು ಹೋದ ವರ್ಷದಿಂದ ತೊಳೆಯುತ್ತಾ ಇದ್ದೇನೆ.

ಆ ಭಾನುವಾರ ಡ್ರಮ್ಮಿನಲ್ಲಿ ನೀರು ಕಮ್ಮಿಯಿತ್ತು. ಶುಕ್ರವಾರ ಅಪ್ಪಯ್ಯ ಅದರಿಂದಲೇ ನೀರು ತೆಗೆದು ಔಷಧಿ ಹೊಡೆಸಿದ್ದ. ತಳದಲ್ಲಿ ಒಂದು ಗೇಣು ಮಾತ್ರ ಉಳಿದಿತ್ತು. ಪೈಪನ್ನು ತಳಕ್ಕೆ ಒತ್ತಿ ಪಂಪ್ ಚಾಲು ಮಾಡಿ, ಬಾನೆಟ್ ಎತ್ತುವ ಮೊದಲು ಅದರ ಮೇಲೊಂದು ಸಲ ಹೊಡೆದೆ. ಬಿಳಿ ಬಾನೆಟ್ಟಿನ ಮೇಲೆ ನೀಲಿ ನೀರು ಹರಿಯಿತು.

ಆಕಾಶದ ಬಣ್ಣ. ಸ್ಪಷ್ಟ ನೀಲಿ.

ಕೈಯಲ್ಲಿದ್ದ ನೀರು ಹೊಡೆಯುವ ಗನ್ ಬಿಟ್ಟುಬಿಟ್ಟೆ. ಅದು ನೆಲದಲ್ಲಿ ಹಾವಿನ ಹಾಗೆ ಹೊರಳಾಡಿ ನನ್ನ ಕಾಲಿಗೆ, ಗೋಡೆಗೆ, ಎಲ್ಲದಕ್ಕೂ ನೀಲಿ ಎರಚಿತು. ಪಂಪ್ ಆರಿಸಿ ಡ್ರಮ್ಮಿನೊಳಗೆ ಬಗ್ಗಿ ನೋಡಿದೆ. ಗೋಣಿತಟ್ಟಿನ ಒಂದು ಗಂಟು ತಳದಲ್ಲಿ ಬಿದ್ದಿತ್ತು. ಮೈಲುತುತ್ತವನ್ನು ಗೋಣಿಯಲ್ಲಿ ಕಟ್ಟಿ ಡ್ರಮ್ಮಿನ ನೀರಿಗೆ ಇಳಿಬಿಟ್ಟರೆ ಕರಗುತ್ತದೆ. ಆ ನೀರನ್ನು ಆಮೇಲೆ ಬೇರೆ ಕಡೆ ಸುಣ್ಣದ ನೀರಿಗೆ ಬೆರೆಸುವುದು. ಮಳೆ ಬಂದು ಕೆಲಸ ಅರ್ಧಕ್ಕೆ ನಿಂತ ದಿನಗಳಲ್ಲಿ ಉಳಿದದ್ದು ಡ್ರಮ್ಮಿನಲ್ಲೇ ಉಳಿಯುತ್ತದೆ, ಮೇಲಿಂದ ಮಳೆ ಬಿದ್ದು ಬಣ್ಣ ತೆಳುವಾಗುತ್ತದೆ. ಡ್ರಮ್ಮೇ ನೀಲಿಯಾದ್ದರಿಂದ ಒಳಗಿನ ನೀರಿನ ಬಣ್ಣ ಯಾರಿಗೂ ಕಾಣಿಸುವುದಿಲ್ಲ.

“ಅಪ್ಪಯ್ಯಾ!” ಎಂದು ಕೂಗಿದ ಕೂಗಿಗೆ ಅವನು ಚಪ್ಪಲಿಯೂ ಇಲ್ಲದೆ ಓಡಿಬಂದ. ನನ್ನ ಕಾಲು ನೋಡಿದ, ಬಾನೆಟ್ ನೋಡಿದ.

“ಈ ಡ್ರಮ್ಮಿನ ನೀರಲ್ಲಿ ತೊಳೀತಾ ಇದ್ದಿದ್ಯನೇ ಕೂಸೇ ನೀನು?”

“ಮಳೆ ನೀರು ಅಲ್ದಾ ಇದು?”

“ನೀನು ಟ್ಯಾಂಕಿಗೆ ಪೈಪ್ ಬಿಡ್ತೆ ಹೇಳಿ ಆನು ತಿಳ್ಕಂಡಿದ್ದಿ.” ನಾನು ಮನೆಯ ನೀರಿನ ಟ್ಯಾಂಕಿನಿಂದ ಎಳೆಯುತ್ತೇನೆ ಎಂದುಕೊಂಡಿದ್ದವನು ಅಲ್ಲೇ ಕಟ್ಟೆಯ ಮೇಲೆ ಕೂತ. “ಎಷ್ಟು ಸಲ?”

ನಾನು ಲೆಕ್ಕ ಹೇಳುವ ಮೊದಲೇ ಅಪ್ಪಯ್ಯ ಎದ್ದು ಕತ್ತಿ ತಂದ. ಇದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಪರೀಕ್ಷೆ. ಸುಣ್ಣ ಬೆರೆಸಿದ ಔಷಧಿಗೆ ಉಜ್ಜಿದ ಕತ್ತಿಯ ಬಾಯನ್ನು ಅದ್ದುತ್ತಾರೆ. ಕೆಂಪಾದರೆ ತಾಮ್ರ ಇನ್ನೂ ಬಿಡುತ್ತಿದೆ, ಸುಣ್ಣ ಸಾಲದು ಎಂದು ಅರ್ಥ. ಹಾಗೇ ಹೊಡೆದರೆ ಅಡಿಕೆ ಸುಟ್ಟುಹೋಗುತ್ತದೆ. ಐದು ವರ್ಷದವಳಿದ್ದಾಗಿನಿಂದ ಈ ಕತ್ತಿ ಅದ್ದುವುದನ್ನು ನೋಡಿದ್ದೇನೆ. ಅಪ್ಪಯ್ಯ ಡ್ರಮ್ಮಿಗೆ ಅದ್ದಿ ಒಂದು ನಿಮಿಷವೂ ಹಿಡಿಯಲಿಲ್ಲ. ಕತ್ತಿಯ ಬಾಯಿ ಹೊಸ ತಂಬಿಗೆಯ ಹಾಗೆ ಕೆಂಪಾಗಿ ಬಂತು.

ಕಬ್ಬಿಣಕ್ಕೇ ಹೀಗೆ. ಕಾಗದದಷ್ಟು ತೆಳ್ಳಗಿನ ಅಲ್ಯೂಮಿನಿಯಂ ಕೊಳವೆಗೆ?

ಕೊಟ್ಟಿಗೆಯ ಮೂಲೆಯಲ್ಲಿ ಒರಗಿಸಿಟ್ಟಿದ್ದ ಹಳೆಯ ಕಂಡೆನ್ಸರನ್ನು ಹೊರಗೆ ಎಳೆದುಕೊಂಡು ಬಂದೆ. ಕೆಳಮೂಲೆಯಲ್ಲಿ ಅದೇ ನೀಲಿ ಪುಡಿ. ನಾನು ಗನ್ ಹಿಡಿದು ನಿಲ್ಲುವ ಬದಿಯ ಮೂಲೆ ಅದು, ನೀರು ಹರಿದು ನಿಲ್ಲುವ ಜಾಗ. ಪುಸ್ತಕ ತಂದು ಜಗಲಿಯಲ್ಲಿ ಕೂತು ‘ತೊ’ಗಳನ್ನು ಎಣಿಸಿದೆ. ಹೋದ ವರ್ಷ ಜೂನಿನಿಂದ ಈ ಜುಲೈ ಆರರವರೆಗೆ ಐವತ್ತೊಂದು. ಹೊಸದಕ್ಕೆ ಎಂಟು. ಹೋದ ವರ್ಷ ಜಾಲರಿಗೆ ಅಷ್ಟಾಗಿ ಹೊಡೆಯುತ್ತಿರಲಿಲ್ಲ. ಬೇಸಿಗೆಯಲ್ಲಿ ಡ್ರಮ್ಮಿನಲ್ಲಿ ಬಾವಿ ನೀರಿರುತ್ತಿತ್ತು. ಈ ಎಂಟು ಮಾತ್ರ ಎಂಟೂ ಔಷಧಿ ಹೊಡೆಯುವ ತಿಂಗಳುಗಳಲ್ಲಿ, ಜಾಲರಿಗೇ ನಿಲ್ಲಿಸಿ, ಹತ್ತು ಹತ್ತು ನಿಮಿಷ. ಕಾಯಿಲೆಯ ತಾರೀಕುಗಳೆಲ್ಲ ನನ್ನ ಪುಸ್ತಕದಲ್ಲೇ ಇದ್ದವು. ಹಾಳೆಗೆ ಇಳಿಸುವಾಗ ಬಿಟ್ಟ ಒಂದೇ ಒಂದು ಕಾಲಮ್ಮು ಅದು.

“ಏನಾದ್ರೂ ಚೆಲ್ಲಿತ್ತಾ?” ಎಂದು ಅಣ್ಣ ಕೇಳಿದ್ದರು. ಇಲ್ಲ ಎಂದು ಪುಸ್ತಕ ತೋರಿಸಿದ್ದೆ.

ಗ್ಯಾರೇಜಿಗೆ ಫೋನ್ ಮಾಡಿ, ಅಣ್ಣ ಕೋಣಂದೂರಿನಲ್ಲಿ ಭಾವನ ಅಂಗಡಿಗೆ ಹೋಗಿದ್ದಾರೆ ಎಂದು ತಿಳಿದುಕೊಂಡೆ. ಮಂಗಳವಾರ ತೀರ್ಥಹಳ್ಳಿಗೆ ಹೋಗುವ ದಾರಿಯಲ್ಲಿ ಇಳಿದೆ. ಪೇಟೆಯ ಕೊನೆಯಲ್ಲಿ ಮಿಕ್ಸಿ, ಫ್ಯಾನ್, ಫ್ರಿಜ್ ರಿಪೇರಿಯ ಅಂಗಡಿ. ಅವರು ಫ್ರಿಜ್ಜೊಂದನ್ನು ಮಗುಚಿ ಹಾಕಿಕೊಂಡು ಕೂತಿದ್ದರು. ನನ್ನನ್ನು ಕಂಡು ಏಳಲಿಲ್ಲ.

“ಏನ್ ಟೀಚರೇ, ಇಲ್ಲಿಗೂ ಹಾಜರಿ ತಗೊಳ್ಳೋಕೆ ಬಂದ್ರಾ?”

ನಿಂತೇ ಹೇಳಿದೆ. ಪಂಪು, ಡ್ರಮ್ಮು, ಗಂಟು, ಕತ್ತಿ. ಅವರು ಸ್ಕ್ರೂಡ್ರೈವರ್ ತಿರುಗಿಸುವುದನ್ನು ನಿಲ್ಲಿಸಿ ಕೇಳಿದರು. ಸಿಟ್ಟು ಮಾಡಿಕೊಳ್ಳುತ್ತಾರೆ ಎಂದುಕೊಂಡಿದ್ದೆ. ಅವರ ಮುಖದ ರಕ್ತವೇ ಇಳಿದುಹೋಯಿತು.

“ನಾನೇ ಹೇಳಿದ್ನಲ್ಲ,” ಎಂದರು. “ವಾರಕ್ಕೊಂದ್ಸಲ ತೊಳೀರಿ ಅಂತ ನಾನೇ ಹೇಳಿದ್ನಲ್ಲ. ಯಾವ ನೀರಲ್ಲಿ ಅಂತ ಕೇಳಲೇ ಇಲ್ಲ.”

“ತಪ್ಪು ನಂದು ಅಣ್ಣ. ಕ್ಷಮಿಸಿ.”

ಅವರು ಸ್ಕ್ರೂಡ್ರೈವರನ್ನು ಕೆಳಗಿಟ್ಟರು. ಆಮೇಲೆ ದನಿ ಬದಲಾಯಿತು.

“ಇದನ್ನ ನನ್ನತ್ರ ಹೇಳಿದ್ರೆ ಏನಾಗುತ್ತೆ? ಕೆಲಸ ಬರಲ್ಲ ಅಂತ ಅಂದಿದ್ದು ಎಲ್ಲಿ? ನಾಲ್ಕು ಜನರ ಮುಂದೆ. ಮಗಳು ಸಾಗರದಲ್ಲೇ ಅವಳ ಅತ್ತೆ ಮನೇಲಿ ಉಳ್ಕೊಂಡು ಸ್ಕೂಲಿಗೆ ಹೋಗ್ತಾ ಇದಾಳೆ. ಕೆಲಸ ಗೊತ್ತಿಲ್ದೋನ ಮಗಳು ಅಂತ ಅನ್ನಿಸ್ಕೋಬಾರದು. ಹೇಳೋದಿದ್ರೆ ಅಲ್ಲಿ ಹೋಗಿ ಹೇಳಿ.”

ಬುಧವಾರ ಹೊಸನಗರದಲ್ಲಿ ಮಧ್ಯಾಹ್ನದ ತರಗತಿ ಮುಗಿಸಿ ನೇರ ಸಾಗರಕ್ಕೆ ಹೋದೆ. ಅಪ್ಪಯ್ಯ ಬಸ್ಸಿನಲ್ಲಿ ಬಂದು ಗ್ಯಾರೇಜಿನ ಎದುರು ಕಾಯುತ್ತಿದ್ದ. ಬಾಟಲಿಯಲ್ಲಿ ಡ್ರಮ್ಮಿನ ನೀರು, ಚೀಲದಲ್ಲಿ ಹಳೆ ಕಂಡೆನ್ಸರ್. ಗಂಟೆ ಐದು. ನಾಲ್ಕು ಗಿರಾಕಿಗಳು, ಐದು ಕೆಲಸದವರು. ಶನಿವಾರಕ್ಕಿಂತ ಹೆಚ್ಚೇ ಜನ.

ಯಜಮಾನರು ಮೊದಲು ನಕ್ಕರು. “ಮೇಡಂ, ಮಾತ್ರೆ ನುಂಗಿ ವಾಸಿಯಾಗದಿದ್ರೆ ತಪ್ಪನ್ನ ನೀರಿನ ಮೇಲೆ ಹಾಕ್ದಂಗಾಯ್ತು ಇದು. ಅವ್ನೇ ಕಳಿಸಿದ್ನಾ ನಿಮ್ಮನ್ನ?”

“ಇಲ್ಲ. ಒಂದು ಮೊಳೆ ಕೊಡಿ.”

ಕೆಲಸದವರೊಬ್ಬರು ದೊಡ್ಡ ಕಬ್ಬಿಣದ ಮೊಳೆಯೊಂದನ್ನು ಉಪ್ಪುಕಾಗದದಲ್ಲಿ ಉಜ್ಜಿ ಕೊಟ್ಟರು. ಬಾಟಲಿಗೆ ಬಿಟ್ಟು ಎಲ್ಲರೂ ನೋಡುವ ಹಾಗೆ ಎತ್ತಿ ಹಿಡಿದೆ. ಹೊರತೆಗೆದಾಗ ಯಜಮಾನರ ನಗು ನಿಂತಿತ್ತು. ಅವರದ್ದೂ ತೋಟವಿದೆ, ವಿವರಿಸುವ ಅಗತ್ಯ ಬೀಳಲಿಲ್ಲ. ಮೊಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

“ಶನಿವಾರ ನಾನು ಹೇಳಿದ್ದು ತಪ್ಪು,” ಎಂದ ಅಪ್ಪಯ್ಯ, ಎಲ್ಲರಿಗೂ ಕೇಳುವ ಹಾಗೆ. “ಅವರಿಗೆ ಕೆಲಸ ಬರುತ್ತೆ. ಹಾಳು ಮಾಡಿದ್ದು ನಾವು.”

ಯಜಮಾನರು ಏನೋ ನೆನಪಾದವರ ಹಾಗೆ ಫೋನ್ ತೆಗೆದು, ಹಿಂದೆ ವಾಪಸ್ ಬಂದಿದ್ದ ಆ ಎರಡು ಗಾಡಿಯವರಿಗೆ ಅಲ್ಲೇ ನಿಂತು, ಸ್ಪೀಕರಿಗೆ ಹಾಕಿ ಕರೆ ಮಾಡಿದರು. ಮೊದಲನೆಯವರು ಕೆರೆಯ ಹತ್ತಿರ ತೊಳೆಯುತ್ತೇವೆ ಎಂದರು. ಎರಡನೆಯವರು ಹೊಸನಗರದ ಕಡೆಯವರು.

“ಗಾಡಿ ಎಲ್ಲಿ ತೊಳೀತೀರಿ ನೀವು?”

“ಮನೇಲೇ. ಔಷಧಿ ಹೊಡಿಯೋ ಪಂಪ್ ಇಲ್ವಾ, ಅದ್ರಲ್ಲೇ. ಯಾಕ್ರೀ?”

“ಯಾವ ನೀರಲ್ಲಿ?”

“ಯಾವ ನೀರು ಅಂದ್ರೆ? ಡ್ರಮ್ಮಲ್ಲಿ ಇದ್ದಿದ್ರಲ್ಲಿ!”

ಕೆಲಸದವರಲ್ಲಿ ಒಬ್ಬರು ಮೆಲ್ಲಗೆ, “ನಮ್ಮನೇ ಬೈಕೂ ಅದ್ರಲ್ಲೇ ತೊಳಿಯೋದು,” ಎಂದರು. ಯಜಮಾನರು ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಸ್ಟೂಲಿನ ಮೇಲೆ ಕೂತರು. ಅಣ್ಣ ಕೂರುತ್ತಿದ್ದ ಸ್ಟೂಲು. ಆಮೇಲೆ ಕೋಣಂದೂರಿಗೆ ಹಚ್ಚಿ, ಅದನ್ನೂ ಸ್ಪೀಕರಿಗೆ ಹಾಕಿದರು.

“ಬಾ ಮಾರಾಯ. ನಾಳೆಯಿಂದ ಬಾ.”

“ಫ್ರಿಜ್ ಬಿಚ್ಚಿ ಹಾಕಿದೀನಿ. ಇದು ಮುಗಿಸ್ದೆ ಬರಲ್ಲ. ಚೌತಿ ಕಳೀಲಿ.” ಒಂದು ಕ್ಷಣ ಬಿಟ್ಟು ಅಣ್ಣನ ದನಿ ಮತ್ತೆ ಬಂತು. “ಹೋಗು ಅಂತ ಎಲ್ರ ಎದುರಿಗೆ ಅಂದ್ರಿ. ಬಾ ಅಂತ ಅನ್ನೋದನ್ನ ಒಳಗಡೆ ಕೂತು ಫೋನಲ್ಲಿ ಅಂತೀರಿ.”

“ಒಳಗಡೆ ಅಲ್ಲ, ಹೊರಗೇ ಕೂತಿದೀನಿ. ಸ್ಪೀಕರಲ್ಲಿ ಹಾಕಿದೀನಿ. ಎಲ್ರೂ ಕೇಳ್ತಾ ಇದಾರೆ.”

“ಯಾರ್ಯಾರು?”

ಯಜಮಾನರು ಸುತ್ತ ನೋಡಿ, ಒಬ್ಬೊಬ್ಬರನ್ನೇ ಹೇಳುತ್ತಾ ಹೋದರು. ಕೆಲಸದವರನ್ನು, ಗಿರಾಕಿಗಳನ್ನು, ಅಪ್ಪಯ್ಯನನ್ನು, ನನ್ನನ್ನು. ಹನ್ನೊಂದು ಜನ.

“ಸರಿ,” ಎಂದರು ಅಣ್ಣ. “ಟೀಚರಿಗೆ ಹೇಳಿ, ನಾನು ಬರೋತನಕ ಆ ಗಾಡಿ ತೊಳೀಬೇಡಿ ಅಂತ.”

ಎಲ್ಲರೂ ನಕ್ಕರು. ನನಗೆ ನಗಲಾಗಲಿಲ್ಲ. ಹಿಂದಿರುಗುವಾಗ ಮಳೆ. ಅ‌ಪ್ಪಯ್ಯ ಪಕ್ಕದಲ್ಲಿ ಕೂತು ಆನಂದಪುರದವರೆಗೂ ಗಾಜು ಒರೆಸುತ್ತಾ ಬಂದ.

ಚೌತಿ ಕಳೆದ ಸೋಮವಾರ ಕಾಲೇಜಿಗೆ ರಜೆ ಹಾಕಿ ಎಂಟೂ ಮುಕ್ಕಾಲಿಗೆ ಗ್ಯಾರೇಜಿನ ಮುಂದೆ ಗಾಡಿ ನಿಲ್ಲಿಸಿದೆ. ನನಗಿಂತ ಮುಂಚೆಯೇ ಹೊಸನಗರದ ಆ ಗಾಡಿ ಬಂದು ನಿಂತಿತ್ತು. ಒಂಬತ್ತೂ ಕಾಲಿಗೆ ಅಣ್ಣ ಬಂದರು, ಹೆಗಲಲ್ಲಿ ಗೇಜಿನ ಚೀಲ. ನಮ್ಮಿಬ್ಬರ ಬಾನೆಟ್ಟನ್ನೂ ಎತ್ತಿಸಿ, ಒಂದಾದ ಮೇಲೊಂದು ಬಗ್ಗಿ ನೋಡಿ, “ಬಂದ ಸರದಿಯಲ್ಲೇ ಹಾಜರಿ, ಟೀಚರೇ,” ಎಂದು ಹೊಸನಗರದವರನ್ನು ಮೊದಲು ಕರೆದರು.